ಹಳೆಯ ಮಷೀನು, ಹೊಸ ಅಕ್ಷರ

ಜನವರಿ 8, 1979. ಸೋಮವಾರ

ಕಚೇರಿಯ ಗೋಡೆಗೆ ಇವತ್ತು ಒಂದು ಹುಕುಂ ಅಂಟಿಸಿದ್ದಾರೆ. ಅಂಗಳದ ಬೇವಿನ ಮರದ ಕೆಳಗೆ ಕುಳಿತು ಅರ್ಜಿ ಟೈಪು ಮಾಡುವವರೆಲ್ಲ ಏಪ್ರಿಲ್‌ನಿಂದ ಕನ್ನಡದಲ್ಲೇ ಮಾಡಬೇಕಂತೆ. ಮಾರ್ಚ್ ಮೂವತ್ತಕ್ಕೆ ಪ್ರತಿಯೊಬ್ಬನೂ ತನ್ನ ಸ್ವಂತ ಮಷೀನಿನಲ್ಲಿ ಹೊಡೆದ ಒಂದು ಕನ್ನಡ ಅರ್ಜಿಯನ್ನು ತಹಶೀಲ್ದಾರ ಸಾಹೇಬರ ಕೈಗೆ ಕೊಡಬೇಕು. ಸಾಹೇಬರು ಮೆಚ್ಚಿದರೆ ಒಂದು ವರ್ಷದ ಪರವಾನಗಿ ಚೀಟಿ, ಮೆಚ್ಚದಿದ್ದರೆ ಮೇಜು ಎತ್ತಿಕೊಂಡು ಅಂಗಳದಿಂದ ಹೊರಗೆ. ಹುಕುಂ ಮಾತ್ರ ಇಂಗ್ಲಿಷಿನಲ್ಲಿದೆ. ಓದಿ ಹೇಳಲು ಎಲ್ಲರೂ ನನ್ನನ್ನೇ ಕರೆದರು.

ಮೂವತ್ತೊಂದು ವರ್ಷದಿಂದ ಆ ಮರದ ಕೆಳಗೆ ಕುಳಿತಿದ್ದೇನೆ. ಊರು ಬಿಟ್ಟು ಹೊರಟಿದ್ದ ವಕೀಲರೊಬ್ಬರಿಂದ ಕೊಂಡಾಗಲೇ ನನ್ನ ಇಂಗ್ಲಿಷ್ ಮಷೀನಿಗೆ ವಯಸ್ಸಾಗಿತ್ತು. ಬೆಳಿಗ್ಗೆ ಸೈಕಲ್ಲಿಗೆ ಕಟ್ಟಿಕೊಂಡು ಒಯ್ಯುತ್ತೇನೆ, ಸಂಜೆ ತರುತ್ತೇನೆ. ಮನೆಯಲ್ಲಿ ಟ್ರಂಕಿನ ಮೇಲೆ ಅದರ ಜಾಗ. ದಾವಲಬಿ ಅದಕ್ಕೊಂದು ಹೊದಿಕೆ ಹೊಲಿದಿದ್ದಾಳೆ. ನನಗೆ ಹೊಲಿದ ಅಂಗಿಗಿಂತ ಆ ಬಟ್ಟೆ ಮೇಲು. ಮದುವೆಯಾಗಿ ಇಷ್ಟು ವರ್ಷಕ್ಕೆ ಹೆಂಡತಿಗೆ ಮನೆಯಲ್ಲಿ ಯಾರು ದುಡಿಯುತ್ತಾರೆಂದು ಗೊತ್ತಾಗಿದೆ.

ಪಕ್ಕದ ಮೇಜಿನ ಧೂಳಪ್ಪನಿಗೆ ಹಬ್ಬ. ಅವನ ಹತ್ತಿರ ಮಷೀನೇ ಇಲ್ಲ. ಕಿವಿಗೆ ಪೆನ್ನು ಸಿಗಿಸಿಕೊಂಡು, ಕಿವಿಯನ್ನೂ ಮಸಿ ಮಾಡಿಕೊಂಡು, ಕೈಯಲ್ಲೇ ಕನ್ನಡ ಅರ್ಜಿ ಬರೆಯುವ ಪ್ರಾಣಿ. ಹುಕುಂ ಕೈಬರಹದವರಿಗೆ ಅನ್ವಯಿಸುವುದಿಲ್ಲ.

"ಸಮದಸಾಬ್ರ, ಕಡೀಗೂ ಸರಕಾರಕ್ಕ ನನ್ನ ಭಾಷಾ ತಿಳೀತ್ರಿ," ಅಂದ.

"ಭಾಷಾ ತಿಳಿದೈತಿ. ನಿನ್ನ ಅಕ್ಷರ ತಿಳಿಯಾಕ ಇನ್ನೊಂದು ಸರಕಾರ ಬರಬೇಕು," ಅಂದೆ.

ಅಂದಹಾಗೆ, ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದು ಭಾಷೆಯ ಮೇಲಿನ ಪ್ರೀತಿಯಿಂದಲ್ಲ. ದಾವಲಬಿಗೆ ಉರ್ದು ಓದಲು ಬರುತ್ತದೆ, ಕನ್ನಡ ಬರುವುದಿಲ್ಲ. ಅಷ್ಟೇ.

ಜನವರಿ 11, ಗುರುವಾರ

ವಿಜಾಪುರದಲ್ಲಿ ಇಷ್ಟು ಜನ ಮಷೀನ್ ಪಂಡಿತರಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಚಹಾ ಅಂಗಡಿಯವನು ಹೊಸದೇ ಕೊಳ್ಳಬೇಕೆಂದ. ನನ್ನ ಭಾವಮೈದುನ ಮರಾಠಿ ಅಕ್ಷರ ಹಾಕಿಸಿಕೊಂಡು ಸೊಲ್ಲಾಪುರಕ್ಕೆ ಹೋಗಿ ಕೂಡಬೇಕೆಂದ. ಅವನಿಗೆ ನಾನು ಊರು ಬಿಡಬೇಕೆಂಬ ಆಸೆ ಮೊದಲಿನಿಂದಲೂ ಇದೆ. ಕಚೇರಿಯ ಜವಾನ ಮಾತ್ರ, ಏನೂ ಮಾಡಬ್ಯಾಡ್ರಿ, ಹುಕುಂ ತಾನಾಗೇ ಉದುರಿ ಬೀಳತೈತಿ ಅಂದ. ಗೋಂದು ಹಚ್ಚಿದವನು ಅವನೇ.

ಇವರಲ್ಲಿ ಒಬ್ಬನೂ ಜನ್ಮದಲ್ಲಿ ಒಂದು ಕೀಲಿ ಒತ್ತಿದವನಲ್ಲ. ಹಾಗಾಗಿಯೇ ಅಷ್ಟು ಖಾತ್ರಿಯಿಂದ ಹೇಳುತ್ತಾರೆ.

ಜನವರಿ 15, ಸೋಮವಾರ

ಹೊನವಾಡದ ಮುದುಕಿ ಮತ್ತೆ ಬಂದಿದ್ದಳು. ಗಂಡ ಅಮಸಿದ್ದ ತೀರಿಕೊಂಡ ಮೇಲೆ ಅವನ ಹೊಲ ತನ್ನ ಹೆಸರಿಗೆ ಆಗಬೇಕೆಂದು ಮೂರು ವರ್ಷದ ಹಿಂದೆ ನನ್ನ ಕೈಯಲ್ಲೇ ಅರ್ಜಿ ಹೊಡೆಸಿದವಳು. ಹೆಸರು ಆಗಿಲ್ಲ, ಹೊಲ ಮೈದುನನ ಕೈಯಲ್ಲಿದೆ. ತಿಂಗಳಿಗೊಮ್ಮೆ ತಿಕೋಟಾದಲ್ಲಿ ಬಸ್ಸು ಬದಲಿಸಿ ಇಲ್ಲಿಗೆ ಬರುತ್ತಾಳೆ, ಕಚೇರಿಯ ಕಿಟಕಿಯಲ್ಲಿ ಕೇಳುತ್ತಾಳೆ, ಅಂಥ ಹೊಲವೇ ಇಲ್ಲ ಎಂದು ಊರಿನ ಹೊಲಗಳ ಲೆಕ್ಕ ಇಡುವ ತಲಾಠಿ ಬರೆದಿದ್ದಾನೆ ಎಂಬ ಉತ್ತರ ಕೇಳಿಸಿಕೊಂಡು ನನ್ನ ಮೇಜಿನ ಮುಂದೆ ನಿಲ್ಲುತ್ತಾಳೆ.

"ಹೊಲ ಇಲ್ಲಂದ್ರ ಜ್ವಾಳ ಎಲ್ಲಿಂದ ಬರತಾವ್ರಿ ಸಾಬ್ರ?"

"ತಲಾಠಿ ಮನ್ಯಾಗ ಕುಂತ ಬರ್ದಾನ ಬೇ. ಅವನ ಸ್ವಭಾವಾನ ಹಂಗ."

ಇದುವರೆಗೆ ಅವಳಿಗೆ ನಾಲ್ಕು ಜ್ಞಾಪನಾ ಅರ್ಜಿ ಹೊಡೆದುಕೊಟ್ಟಿದ್ದೇನೆ. ನನ್ನ ಪದ್ಧತಿ ಚುರುಕು. ಹಿಂದಿನ ಪಾರ್ಟಿಯ, ಅಂದರೆ ಗಿರಾಕಿಯ, ಕಾರ್ಬನ್ ನಕಲನ್ನು ಎದುರಿಗಿಟ್ಟುಕೊಂಡು ಹೆಸರು ಬದಲಿಸುತ್ತ ಹೋದರೆ ಚಹಾ ಆರುವುದರೊಳಗೆ ಅರ್ಜಿ ಮುಗಿಯುತ್ತದೆ. ಪಾರ್ಟಿ ಹೆಬ್ಬೆಟ್ಟು ಒತ್ತಿ ಹೋಗುತ್ತದೆ. ಧೂಳಪ್ಪನದು ಬೇರೆ ರೋಗ. ಬರೆದದ್ದನ್ನೆಲ್ಲ ಪಾರ್ಟಿಗೆ ಜೋರಾಗಿ ಓದಿ ಹೇಳುತ್ತಾನೆ. ಅವರು "ಹಂಗಲ್ರಿ, ಹಿಂಗ" ಅನ್ನುತ್ತಾರೆ. ಇವನು ಹೊಡೆದುಹಾಕಿ ಮತ್ತೆ ಬರೆಯುತ್ತಾನೆ. ಒಂದು ಅರ್ಜಿಗೆ ಅರ್ಧ ದಿನ. ಇಂಗ್ಲಿಷಿನ ದೊಡ್ಡ ಅನುಕೂಲವೆಂದರೆ ಯಾರೂ ಓದು ಅನ್ನುವುದಿಲ್ಲ.

ಜನವರಿ 27, ಶನಿವಾರ

ಸೊಲ್ಲಾಪುರದಿಂದ ಮೆಕ್ಯಾನಿಕ್ ಸೈಫುದ್ದೀನ ಬಂದಿದ್ದ. ನನ್ನ ಮಷೀನಿನ ಹೊಟ್ಟೆ ಬಿಚ್ಚಿ, ಕಡ್ಡಿಗಳನ್ನು ಒಂದೊಂದಾಗಿ ಎತ್ತಿ ನೋಡಿ, ವೈದ್ಯರು ಮನೆಯವರನ್ನು ಹೊರಗೆ ಕರೆಯುವ ಮುಖ ಮಾಡಿದ.

"ಮೈ ಗಟ್ಟಿ ಐತ್ರಿ. ಇಂಗ್ಲಿಷ್ ಅಚ್ಚು ಕಿತ್ತು ಕನ್ನಡ ಅಚ್ಚು ಬೆಸಿಗಿ ಹಾಕಬಹುದು. ಆದ್ರ ಕೀಲಿ ಕಡಿಮಿ ಅದಾವು. ಪೂರಾ ಕನ್ನಡ ಇದರಾಗ ಕುಂದ್ರಂಗಿಲ್ಲ."

"ಮತ್ತ?"

"ಹಗೂರ ಕನ್ನಡ ಕುಂದ್ರಸ್ತೀನಿ. ಅಂಕಿ ಇಂಗ್ಲಿಷ್ನವ ಇರತಾವು. ಕೆಲವೊಂದು ಒತ್ತಕ್ಷರ ಎರಡು ಸಲ ಹೊಡದು ಕೂಡಸಬೇಕು."

ಕೀಲಿಗಳನ್ನು ಜೋಡಿಸುವುದರಲ್ಲೂ ಎರಡು ಪದ್ಧತಿಗಳಿವೆಯಂತೆ. ಒಂದು ಕಲಿಯಲು ಸುಲಭ, ಅದನ್ನು ಕಚೇರಿಗಳಲ್ಲಿ ಯಾರೂ ಬಳಸುವುದಿಲ್ಲ. ಇನ್ನೊಂದು ಕಷ್ಟ, ಅದನ್ನು ಎಲ್ಲರೂ ಬಳಸುತ್ತಾರೆ. ಎರಡರಲ್ಲಿ ಯಾವುದು ಒಳ್ಳೆಯದು ಎಂದೆ. ಒಳ್ಳೆಯದು ಅಂದರೆ ನೀವು ಮೊದಲು ಕಲಿತದ್ದು ಅಂದ. ಹತ್ತೊಂಬತ್ತು ದಿನ ಊರೆಲ್ಲ ಕೊಟ್ಟ ಬುದ್ಧಿಮಾತಿಗಿಂತ ಈ ಒಂದು ಮಾತು ಮೇಲು. ಅರ್ಧ ಇಂಗ್ಲಿಷ್ ಉಳಿಸಿಕೊಂಡು ಅರ್ಧ ಕನ್ನಡ ಹಾಕಲು ಬರುತ್ತದೆಯೇ ಎಂದೂ ಕೇಳಿದೆ. ಅವನು ಚಹಾ ಕುಡಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದ.

ಒಮ್ಮೆ ಕಿತ್ತರೆ ಮತ್ತೆ ಇಂಗ್ಲಿಷ್ ಆಗುವುದಿಲ್ಲ. ವಿಚಾರ ಮಾಡಿ ಹೇಳುತ್ತೇನೆ ಎಂದು ಕಳಿಸಿದೆ. ನನಗೆ ಐವತ್ತೆಂಟು. ಈ ವಯಸ್ಸಿಗೆ ಹಲ್ಲು ಕೀಳಿಸುತ್ತಾರೆ, ಅಕ್ಷರವನ್ನಲ್ಲ.

ಫೆಬ್ರವರಿ 2, ಶುಕ್ರವಾರ

ದಾವಲಬಿ ಕೇಳಿದಳು: "ಆ ಕುರ್ಚಿ ಹೋದ್ರ ದಿನಾ ಎಲ್ಲಿಗಿ ಹೋಗ್ತೀರಿ?"

"ಮನ್ಯಾಗ ಇರ್ತೀನಿ."

ಅವಳು ಒಳಗೆ ಹೋಗಿ, ಮಷೀನಿನ ಹೊದಿಕೆ ತೆಗೆದು, ಧೂಳು ಒರೆಸಿ, ಸೈಫುದ್ದೀನನಿಗೆ ಕಾಗದ ಬರೆಯಿರಿ ಅಂದಳು. ಬರೆದೆ. ಕಷ್ಟದ ಪದ್ಧತಿಯೇ ಇರಲಿ ಎಂದೂ ಬರೆದೆ. ಸುಲಭದ್ದನ್ನು ಆರಿಸಿದರೆ ಧೂಳಪ್ಪ ನಗುತ್ತಾನೆ.

ಫೆಬ್ರವರಿ 10, ಶನಿವಾರ

ಸೈಫುದ್ದೀನ ಬಂದು ಕಿತ್ತ. ಕಾದ ಕಬ್ಬಿಣ ತಗಲಿದ ಕೂಡಲೇ ಒಂದೊಂದು ಅಕ್ಷರವೂ ಬಿಡುತ್ತದೆ, ಅಷ್ಟು ಸುಲಭವಾಗಿ ಬಿಡಬಾರದಾಗಿತ್ತು ಅನ್ನಿಸಿತು. ಎಲ್ಲವನ್ನೂ ಒಂದು ಬಿಸ್ಕೀಟಿನ ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ. ಅಲುಗಿಸಿದರೆ ಸದ್ದು ಮಾಡುತ್ತವೆ. ಬೇಸರವಾಯಿತು. ಇಲ್ಲಿ ಅಡಗಿಸುವುದೇನಿದೆ, ಕಣ್ಣಲ್ಲಿ ನೀರೇ ಬಂತು. ಸೈಫುದ್ದೀನನಿಗೆ ಕಬ್ಬಿಣದ ಹೊಗೆ ಅಂದೆ.

ಫೆಬ್ರವರಿ 16, ಶುಕ್ರವಾರ

ಬೆರಳುಗಳು ಹಳೇ ಮನೆಗೇ ಹೋಗುತ್ತಿವೆ. "ಮಾನ್ಯರೇ" ಎಂದು ಹೊಡೆಯಲು ಹೊರಟರೆ ಕಾಗದದ ಮೇಲೆ ಬಂದದ್ದನ್ನು ಯಾವ ಭಾಷೆಯವರೂ ತಮ್ಮದೆಂದು ಒಪ್ಪಲಾರರು. ಕೆಲವು ಕೀಲಿ ಒತ್ತಿದರೆ ಅಕ್ಷರ ಬೀಳುತ್ತದೆ, ಕಾಗದ ಹೊತ್ತ ಗಾಡಿ ಮುಂದೆ ಸರಿಯುವುದಿಲ್ಲ. ಅದು ದೋಷವಲ್ಲ, ಒತ್ತಕ್ಷರ ಕೂಡಿಸಲು ಬೇಕಾದ ಗುಣ ಅಂತೆ. ಸರಕಾರಿ ಮಷೀನಿಗೆ ಹೇಳಿ ಮಾಡಿಸಿದ ಗುಣ.

ಧೂಳಪ್ಪ ಬಂದು ಬಗ್ಗಿ ನೋಡಿ, "ಸಾಬ್ರ, ನನ್ನ ಅಕ್ಷರಾನ ಛಲೋ ಇತ್ತಲ್ರಿ," ಅಂದ. ಇದಕ್ಕಾಗಿ ಅವನು ಐದು ವಾರ ಕಾದಿದ್ದ.

ಫೆಬ್ರವರಿ 26, ಸೋಮವಾರ

ಬರೆಯುವಂಥದ್ದೇನಿಲ್ಲ. ಮಷೀನಿಗೆ ಎಣ್ಣೆ ಬಿಟ್ಟೆ.

ಫೆಬ್ರವರಿ 27, ಮಂಗಳವಾರ

ತಲೆನೋವು. ಕಚೇರಿಗೆ ಹೋಗಲಿಲ್ಲ.

ಮಾರ್ಚ್ 1, ಗುರುವಾರ

ಸೋಮವಾರ ಆದದ್ದನ್ನು ಬರೆದುಬಿಡುತ್ತೇನೆ.

ಮುದುಕಿ ಬಂದಿದ್ದಳು. ಸಾಹೇಬರಿಗೆ ತೋರಿಸಲು ಹೇಗೂ ಒಂದು ಅರ್ಜಿ ಬೇಕು, ಇವಳದನ್ನೇ ಕನ್ನಡದಲ್ಲಿ ಹೊಡೆದರೆ ರೂಢಿಯೂ ಆದೀತು ಅಂದುಕೊಂಡು ಅವಳ ಹಳೇ ಕಾರ್ಬನ್ ತೆಗೆದೆ. ಇಂಗ್ಲಿಷ್ ನೋಡುತ್ತ ಕನ್ನಡ ಹೊಡೆಯುತ್ತ ಹೋದೆ. ಅರ್ಧಕ್ಕೆ ಬಂದಾಗ ಅವಳು, "ಏನ ಬರದ್ರಿ, ಓದ್ರಿ ಸಾಬ್ರ," ಅಂದಳು. ಧೂಳಪ್ಪ ನೋಡುತ್ತಿದ್ದ. ಕನ್ನಡದಲ್ಲಿದ್ದ ಮೇಲೆ ಓದುವುದಿಲ್ಲ ಅನ್ನುವುದು ಹೇಗೆ? ಓದಿದೆ. ನನ್ನ ಗಂಡನು ಮರಣ ಹೊಂದಿದ್ದು, ಬಬಲೇಶ್ವರ ಗ್ರಾಮದಲ್ಲಿರುವ ಆತನ ಜಮೀನನ್ನು...

"ಬಬಲೇಶ್ವರ ಯಾಕ ಬಂತ್ರಿ ನಡುವ?" ಅಂದಳು. "ನಮ್ಮ ಹೊಲ ಹೊನವಾಡದಾಗ ಐತಿ. ನಾ ಬಬಲೇಶ್ವರ ನೋಡೇ ಇಲ್ಲ."

ಕಾರ್ಬನ್ ನೋಡಿದೆ. ಅದರಲ್ಲೂ ಬಬಲೇಶ್ವರ. ನಾಲ್ಕು ಜ್ಞಾಪನಾ ಅರ್ಜಿಗಳಲ್ಲೂ ಬಬಲೇಶ್ವರ. ಅವತ್ತು ಇವಳಿಗಿಂತ ಮೊದಲು ಬಂದಿದ್ದ ಪಾರ್ಟಿ ಬಬಲೇಶ್ವರದವನು. ಅವನ ನಕಲು ಎದುರಿಗಿಟ್ಟುಕೊಂಡು ಹೆಸರು ಬದಲಿಸಿದ್ದೆ, ಊರು ಬದಲಿಸಿರಲಿಲ್ಲ. ಮೂರು ವರ್ಷ ಕಾಗದ ಬಬಲೇಶ್ವರಕ್ಕೆ ಹೋಗುತ್ತಿತ್ತು. ಅಲ್ಲಿನ ತಲಾಠಿ ಪಾಪ, ಇಲ್ಲದ ಹೊಲವನ್ನು ಹುಡುಕಿ ಹುಡುಕಿ, ಇಲ್ಲ ಎಂದು ಬರೆಯುತ್ತಿದ್ದ. ಇಡೀ ಕಚೇರಿಯಲ್ಲಿ ತನ್ನ ಕೆಲಸ ಸರಿಯಾಗಿ ಮಾಡಿದವನು ಅವನೊಬ್ಬನೇ.

ನಾನು ಅವಳಿಗೆ ಏನು ಹೇಳಿದೆ? "ಕಚೇರಿಯವರು ತಪ್ಪು ಮಾಡ್ಯಾರ ಬೇ" ಅಂದೆ. ನಾಲಗೆ ಎಷ್ಟು ಸಲೀಸಾಗಿ ಹೊರಳಿತು! ಅವಳು ಕಚೇರಿಯ ಕಡೆ ತಿರುಗಿ ಚೆನ್ನಾಗಿ ಬೈದು ಬಸ್ಸಿಗೆ ಹೋದಳು.

ಧೂಳಪ್ಪ ಎರಡು ಚಹಾ ತರಿಸಿ ಒಂದನ್ನು ನನ್ನ ಮುಂದಿಟ್ಟ. ಅವನು ಬೈದಿದ್ದರೆ ವಾಸಿಯಿತ್ತು.

ಮಾರ್ಚ್ 4, ಭಾನುವಾರ

ಹೊನವಾಡಕ್ಕೆ ಹೋಗಿ ಬಂದೆ.

ತಿಕೋಟಾದಲ್ಲಿ ಇಳಿದರೆ ಮುಂದಿನ ಬಸ್ಸು ಯಾವಾಗ ಎಂದು ಯಾರಿಗೂ ಗೊತ್ತಿಲ್ಲ. ಗೊತ್ತಿರುವವನು ಕಂಡಕ್ಟರ್, ಅವನು ಬಸ್ಸಿನಲ್ಲಿರುತ್ತಾನೆ. ಎರಡು ತಾಸು ಬಿಸಿಲಲ್ಲಿ ನಿಂತೆ. ಕೂಡಲು ಒಂದು ಕಲ್ಲಿದೆ, ಅದರ ಮೇಲೆ ಆಗಲೇ ಮೂವರಿದ್ದರು. ಮೂರು ವರ್ಷ, ತಿಂಗಳಿಗೊಮ್ಮೆ ಅವಳು ಇಲ್ಲಿ ನಿಂತಿದ್ದಾಳೆ.

ಮುದುಕಿ, ಅಂದರೆ ಬೋರವ್ವ, ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ನನ್ನನ್ನು ನೋಡಿ ಹೆಸರು ಆಯಿತೆಂದೇ ತಿಳಿದು ಎದ್ದು ನಿಂತಳು. ಆ ಮುಖ ನೋಡಿ ವಾಪಸು ಹೋಗಿಬಿಡೋಣ ಅನ್ನಿಸಿತು. ಬಸ್ಸು ಇರಲಿಲ್ಲ, ಅದಕ್ಕೇ ಹೇಳಿದೆ.

"ತಪ್ಪು ಕಚೇರಿದಲ್ಲ ಬೋರವ್ವ. ತಲಾಠಿದೂ ಅಲ್ಲ. ನಂದು. ಬ್ಯಾರೇದವನ ಊರು ನಿನ್ನ ಅರ್ಜ್ಯಾಗ ಬಿಟ್ಟಿದ್ದೆ. ಓದಿ ನೋಡಲಿಲ್ಲ."

ಮೊರ ಕೆಳಗಿಟ್ಟಳು.

"ಮೂರು ವರ್ಷ ಆ ತಲಾಠಿಗಿ ಬೈದೆ. ಅವನ ಹೆಂಡರು ಮಕ್ಕಳನ್ನೂ ಬಿಡಲಿಲ್ಲ. ಇರೂ ಬೈಗುಳೆಲ್ಲಾ ಅವಂಗ ಖರ್ಚು ಮಾಡೇನಿ. ಈಗ ನಿಮಗ ಎಲ್ಲಿಂದ ತರಲಿ?"

ಆಮೇಲೆ ಒಂದಿಷ್ಟು ಹುಡುಕಿ ತಂದಳು. ಅವನ್ನು ಇಲ್ಲಿ ಬರೆಯುವುದಿಲ್ಲ. ಬೈದು ಮುಗಿಸಿ ರೊಟ್ಟಿ ಮೊಸರು ಕೊಟ್ಟಳು. ತಿನ್ನುವಾಗ ಎದುರಿಗೆ ಕುಳಿತು ಒಂದು ಮಾತು ಹೇಳಿದಳು.

"ಹೊಸಾ ಅರ್ಜ್ಯಾಗ ತಪ್ಪು ಯಾರದು ಅಂತ ಬರೀರಿ. ಇಲ್ಲಂದ್ರ ನನ್ನ ಮೈದುನ, ಮುದುಕಿ ಒಮ್ಮಿ ಬಬಲೇಶ್ವರ ಅಂತಾಳ, ಒಮ್ಮಿ ಹೊನವಾಡ ಅಂತಾಳ, ತಲಿ ಕೆಟ್ಟೈತಿ ಅಂತಾನ. ನಿಮ್ಮ ಹೆಸರು ಹಾಕಿ ಬರೀರಿ. ಬರದು ಸಾಹೇಬ್ರ ಕಿವಿಗಿ ಹಾಕ್ರಿ."

ಅರ್ಜಿಯಲ್ಲಿ ಯಾರ ಹೆಸರು ಬರಬೇಕೆಂದು ಒಬ್ಬ ಪಾರ್ಟಿ ನನಗೆ ಹೇಳಿದ್ದು ಇದೇ ಮೊದಲು. ಆಗಲಿ ಎಂದು ಬಂದೆ.

ಮಾರ್ಚ್ 29, ಗುರುವಾರ

ನಾಳೆ ಸಾಹೇಬರ ಮುಂದೆ ಹೋಗಬೇಕು. ಎರಡು ಅರ್ಜಿ ಹೊಡೆದಿಟ್ಟಿದ್ದೇನೆ. ಒಂದರಲ್ಲಿ ಇಲ್ಲದ ಓಣಿಯೊಂದಕ್ಕೆ ಇಲ್ಲದ ನಳ ಹಾಕಿಸಬೇಕೆಂದು ಇಲ್ಲದ ಜನ ಕೇಳಿದ್ದಾರೆ. ಅದರಿಂದ ಯಾರಿಗೂ ತೊಂದರೆಯಿಲ್ಲ. ಇನ್ನೊಂದು ಬೋರವ್ವನದು. ಅದರಲ್ಲಿ ಈ ಸಾಲಿದೆ: "ಹಿಂದಿನ ಅರ್ಜಿಗಳಲ್ಲಿ ಹೊನವಾಡದ ಬದಲು ಬಬಲೇಶ್ವರ ಎಂದು ಬಂದಿರುವುದು ಅರ್ಜಿದಾರಳ ತಪ್ಪಲ್ಲ. ಅವನ್ನು ಓದಿ ನೋಡದೆ ಟೈಪು ಮಾಡಿದ ಅಬ್ದುಲಸಮದನ ತಪ್ಪು." ಒಂಬತ್ತು ಕಾಗದ ಕೆಟ್ಟ ಮೇಲೆ ಹತ್ತನೆಯದರಲ್ಲಿ ಸರಿಯಾಗಿ ಬಂತು. ನನ್ನ ಹೆಸರನ್ನು ಈ ಮಷೀನಿನಲ್ಲಿ ಕನ್ನಡದಲ್ಲಿ ಹೊಡೆದದ್ದು ಇದೇ ಮೊದಲು. ಒಳ್ಳೆಯ ಜಾಗದಲ್ಲೇ ಬಂತು.

ಧೂಳಪ್ಪ ಎರಡನ್ನೂ ಓದಿದ.

"ನಳದ್ದು ತೋರಸ್ರಿ. ಚೀಟಿ ತಗೋರಿ. ಮುದುಕೀದು ಆಮ್ಯಾಲ ಕಿಟಕ್ಯಾಗ ಕೊಡ್ರಿ. ತಪ್ಪು ಮಾಡಾಂವಗ ಯಾವ ಸಾಹೇಬ ಪರವಾನಗಿ ಕೊಡ್ತಾನ್ರಿ?"

ಕಿಟಕಿಯಲ್ಲಿ ಕೊಟ್ಟ ಕಾಗದ ಹಳೇ ಕಾಗದದ ಜೊತೆ ಸೇರಿ ಮತ್ತೆ ಬಬಲೇಶ್ವರಕ್ಕೇ ಹೋಗುತ್ತದೆ. ಅದು ಅವನಿಗೂ ಗೊತ್ತು, ನನಗೂ ಗೊತ್ತು. ಸಾಹೇಬರ ಕೈಗೆ ನೇರವಾಗಿ ಕಾಗದ ಹೋಗುವ ದಿನ ವರ್ಷಕ್ಕೆ ಒಂದೇ. ಎರಡನ್ನೂ ಜೇಬಿನಲ್ಲಿಟ್ಟುಕೊಂಡು ಹೋಗುತ್ತೇನೆ, ಎಡಕ್ಕೆ ನಳ, ಬಲಕ್ಕೆ ಬೋರವ್ವ.

ಮಾರ್ಚ್ 30, ಶುಕ್ರವಾರ

ಬೋರವ್ವ ಬೆಳಗಿನ ಮೊದಲ ಬಸ್ಸಿಗೇ ಬಂದು ಮರದ ಕೆಳಗೆ, ನನ್ನ ಕುರ್ಚಿಯ ಮೇಲೆ ಕುಳಿತಿದ್ದಳು. ಗಿರಾಕಿಗಳು ಅವಳನ್ನೇ ಏನೋ ಕೇಳುತ್ತಿದ್ದರು, ಅವಳು ಹೇಳುತ್ತಲೂ ಇದ್ದಳು.

ಒಳಗೆ ನಾವು ಏಳು ಜನ. ನನ್ನ ಸರದಿ ಬಂದಾಗ ಬಲಗೈ ಬಲಜೇಬಿಗೇ ಹೋಯಿತು. ಈ ಬೆರಳುಗಳಿಗೆ ಒಂದು ಸಲ ಹೇಳಿದರೆ ತಿಳಿಯುವುದಿಲ್ಲ, ತಿಳಿದರೆ ಬಿಡುವುದಿಲ್ಲ.

ಸಾಹೇಬರು ಕಾಗದವನ್ನು ಹಿಡಿದು, ಅಂಚು ಸರಿಯಿದೆಯೇ ನೋಡಿದರು. ಬೆನ್ನು ನೋಡಿದರು. ಸಾಲು ಎಣಿಸಿದರು. ಉದ್ದವಾದ ಕಾಗದವೆಂದು ಸಂತೋಷಪಟ್ಟರು. "ಭಾಳ ಛಲೋ ಐತಿ," ಎಂದು ಮೊಹರಿನ ಶಿಕ್ಕಾ ಕೈಗೆತ್ತಿಕೊಂಡರು. ಒಂದು ಸಾಲನ್ನೂ ಓದಲಿಲ್ಲ.

ರಾತ್ರಿಯೆಲ್ಲ ನಿದ್ದೆಯಿಲ್ಲದೆ ಹೆದರಿದ್ದೆ. ಹೆದರಿದ್ದೆಲ್ಲ ದಂಡ. ಚೀಟಿ ಮೇಲೆ ಶಿಕ್ಕಾ ಬಿತ್ತು. ಬೋರವ್ವನ ಅರ್ಜಿ, ಆ ಏಳು ಜನರ ಮಾದರಿಗಳ ಕಟ್ಟಿನೊಳಗೆ ಹೋಯಿತು. ಜವಾನ ದಾರ ಸುತ್ತತೊಡಗಿದ. ಚೀಟಿ ನನ್ನ ಕೈಗೆ ಬಂದೇಬಿಟ್ಟಿತ್ತು. ಸಲಾಂ ಹೇಳಿ ಬಂದರೆ ಮುಗಿಯಿತು.

ಮೂವತ್ತೊಂದು ವರ್ಷ ನಾನೂ ಸಾಹೇಬರ ಹಾಗೇ ಇದ್ದೆ. ಅಂಚು ನೆಟ್ಟಗಿತ್ತು.

"ಸಾಹೇಬ್ರ, ಅದನ್ನ ಓದಲಿಲ್ಲ ನೀವು," ಅಂದೆ.

"ಓದೂದೇನೈತಿ? ಕನ್ನಡ ಐತಿ, ಆತಲ್ಲ."

"ಹಂಗಾದ್ರ ನಾ ಓದ್ತೀನಿ, ಕೇಳ್ರಿ."

ಜವಾನನ ಕೈಯಿಂದ ಕಟ್ಟು ಕಸಿದುಕೊಂಡೆ. ನಿಂತಲ್ಲೇ ಜೋರಾಗಿ, ಧೂಳಪ್ಪನ ಹಾಗೆ, ಮೊದಲಿನಿಂದ ಕೊನೆಯವರೆಗೆ ಓದಿದೆ. ನನ್ನ ಹೆಸರು ಬಂದ ಸಾಲನ್ನು ಎರಡು ಸಲ ಓದಿದೆ. ಉಳಿದ ಆರು ಜನ ನೆಲ ನೋಡುತ್ತಿದ್ದರು.

"ಅಬ್ದುಲಸಮದ ಅಂದ್ರ ಯಾರು?" ಅಂದರು ಸಾಹೇಬರು.

"ನಾನ ರೀ."

ಅವರು ನನ್ನ ಕೈಯಿಂದ ಅರ್ಜಿ ತೆಗೆದುಕೊಂಡರು. ಆಮೇಲೆ ಅರ್ಜಿಯ ಮೂಲೆಯಲ್ಲಿ "ಹೊನವಾಡ ತಲಾಠಿಗೆ, ಕೂಡಲೇ" ಎಂದು ಕೆಂಪು ಮಸಿಯಲ್ಲಿ ಬರೆದರು. ಬರೆದು ಕೈ ಚಾಚಿ ಚೀಟಿ ವಾಪಸು ಇಸಿದುಕೊಂಡರು.

"ಇಷ್ಟು ಮಂದಿ ಮುಂದ ಕೇಳಿದ ಮ್ಯಾಲ ಹ್ಯಾಂಗ ಕೊಡಲಿ? ಮುಂದಿನ ವರ್ಷ ನೋಡೂಣು."

ಹೊರಗೆ ಬಂದು ಬೋರವ್ವನಿಗೆ ಹೇಳಿದೆ. "ಓದಿದ್ರಿ?" ಅಂದಳು. "ಓದಿದೆ." ಕುರ್ಚಿಯಿಂದ ಎದ್ದು ನನಗೆ ಜಾಗ ಬಿಟ್ಟಳು. ಇನ್ನು ಆ ಕುರ್ಚಿ ನನ್ನದಲ್ಲ ಎಂದು ಅವಳಿಗೆ ಹೇಳಲಿಲ್ಲ. ಕುಳಿತೆ.

ಏಪ್ರಿಲ್ 2, ಸೋಮವಾರ

ಅಭ್ಯಾಸಬಲದಿಂದ ಮಷೀನು ಕಟ್ಟಿಕೊಂಡು ಹೊರಟೆ. ನನ್ನ ಮೇಜು ಇದ್ದ ಜಾಗದಲ್ಲಿ ನಾಲ್ಕು ಗುಳಿಗಳಿದ್ದವು, ಮೇಜಿನ ಕಾಲಿನವು. ಧೂಳಪ್ಪ ತನ್ನ ಮೇಜಿನ ಅರ್ಧ ಖಾಲಿ ಮಾಡಿ ಕುಳಿತಿದ್ದ.

"ಮೇಜ ನಂದು, ಕೈಬರಹದಾಂವಂದು. ಇದಕ್ಕ ಹುಕುಂ ಇಲ್ಲ. ಅದರ ಮ್ಯಾಲ ನಾ ಏನಾರ ಇಟ್ಟಕೋತೀನಿ," ಅಂದು ನನ್ನ ಮಷೀನನ್ನು ಎತ್ತಿ ಇಟ್ಟುಕೊಂಡ. ಇನ್ನು ಅವನು ಕೇಳಿ ಬರೆಯುವುದು, ನಾನು ಹೊಡೆಯುವುದು, ಹೊಡೆದದ್ದನ್ನು ಗಿರಾಕಿಗೆ ಓದಿ ಹೇಳುವುದೂ ನಾನೇ. ಧೂಳಪ್ಪನ ಅಕ್ಷರ ನೋಡಿ ಟೈಪು ಮಾಡುವುದಕ್ಕಿಂತ ದೊಡ್ಡ ಶಿಕ್ಷೆ ಯಾವ ಕಾನೂನಿನಲ್ಲೂ ಇಲ್ಲ.

ಜೂನ್ 18, ಸೋಮವಾರ

ಬೋರವ್ವ ಬಂದಿದ್ದಳು, ಸೆರಗಿನಲ್ಲಿ ಕಾಗದ ಕಟ್ಟಿಕೊಂಡು. ಹೊಲ ಅವಳ ಹೆಸರಿಗೆ ಆಗಿದೆ. ಹೊನವಾಡದಲ್ಲೇ ಒಬ್ಬರು ಓದಿ ಹೇಳಿದ್ದರಂತೆ, ಆದರೂ ನಾನೇ ಓದಬೇಕೆಂದು ತಿಕೋಟಾದಲ್ಲಿ ಬಸ್ಸು ಕಾದು ಬಂದಿದ್ದಾಳೆ. ಓದಿದೆ. ಇನ್ನೊಮ್ಮೆ ಅಂದಳು, ಇನ್ನೊಮ್ಮೆ ಓದಿದೆ.

"ಹೊನವಾಡ ಅಂತ ಐತಿಲ್ಲ?"

"ಐತಿ ಬೋರವ್ವ."

"ಬಬಲೇಶ್ವರ ಎಲ್ಲೂ ಇಲ್ಲ?"

"ಎಲ್ಲೂ ಇಲ್ಲ."

ಹೋಗುವಾಗ ಏನೋ ನೆನಪಾದವಳಂತೆ ತಿರುಗಿ ನಿಂತಳು. "ಸಾಬ್ರ, ನಂದಂತೂ ಆತು. ಉಳದವರು ಹ್ಯಾಂಗ ಮಾಡ್ತಾರೋ," ಅಂದು ಬಸ್ಸಿಗೆ ಹೋದಳು.

ಸಂಜೆ ಮನೆಗೆ ಬಂದು ಮಷೀನು ಕೆಳಗಿಟ್ಟು ಟ್ರಂಕು ತೆರೆದೆ. ಮೂವತ್ತೊಂದು ವರ್ಷದ ಕಾರ್ಬನ್ ನಕಲುಗಳಿವೆ, ಕಂಠದವರೆಗೆ. ಬಿಸ್ಕೀಟಿನ ಡಬ್ಬಿಯನ್ನು ಬದಿಗೆ ಸರಿಸಿ ಮೇಲಿನ ಕಟ್ಟು ಬಿಚ್ಚಿದೆ. ಏನು ಹುಡುಕುತ್ತೀರಿ ಎಂದು ದಾವಲಬಿ ಕೇಳಿದಳು, ಓದುತ್ತೇನೆ ಅಂದೆ. ಮೂರು ಸರಿಯಿವೆ. ನಾಲ್ಕನೆಯದು ಅರಕೇರಿಯ ಗುರುಬಾಯಿ ಎಂಬವಳದು. ಗಂಡನ ಹೆಸರಿನ ಜಾಗದಲ್ಲಿ ಬೇರೆ ಯಾರದೋ ಗಂಡ ಇದ್ದಾನೆ.

ಅರಕೇರಿಗೆ ಬೆಳಿಗ್ಗೆ ಬಸ್ಸು ಎಷ್ಟಕ್ಕೆ ಎಂದು ನಾಳೆ ಧೂಳಪ್ಪನನ್ನು ಕೇಳಬೇಕು.